ಗಂಗಕ್ಕನ ಕೈ ಹಿಡಿದ ಮಗಳು

ಶಿರಸಿಯ ಉದ್ಯಾನದಲ್ಲಿ ಗಿಡಗಳಿಗೆ ನೀರು ಹಾಕುವ ಗಂಗಕ್ಕನ ಅಂಗೈಗೆ ನನ್ನ ಮಗಳು ಮುಖವೊತ್ತಿ ನಿಂತಿದ್ದಳು. ಏಳು ವರ್ಷದ ಅವಳಿಗೆ ಆಟಿಸಂ ಇದೆ. ಗದ್ದಲವಾಗಲಿ, ಯಾರಾದರೂ ಮುಟ್ಟುವುದಾಗಲಿ ಅವಳಿಗೆ ಆಗದು. ಅದಕ್ಕೇ ಜನರಿಲ್ಲದ ಬೆಳಗಿನಲ್ಲಿ ಕರೆತಂದಿದ್ದೆ. ತಲೆ ಬಾಚುವಾಗಲೂ ನನ್ನ ಕೈ ತಳ್ಳುವವಳು ಮೊದಲ ಸಲ ಕಂಡವರ ಕೈ ಹಿಡಿದಿದ್ದಳು! ಸಂತೋಷವಾಗಬೇಕಿತ್ತು, ನನಗೆ ಹೊಟ್ಟೆ ಉರಿಯಿತು.

“ಎಂತ ಮಾಡಿದ್ರಿ ಅವಳಿಗೆ?” ಎಂದು ಗಡುಸಾಗಿಯೇ ಕೇಳಿದೆ.

“ಎಂತದೂ ಇಲ್ಲ ಅಮ್ಮ. ತುಳಸಿ ಎಲೆ ತಿಕ್ಕಿ, ಕೈ ಚಾಚಿ ಸುಮ್ನೆ ಕೂತಿದ್ದೆ. ಮಗು ತಾನಾಗೇ ಬಂತು.”

ನಾನು ಒಮ್ಮೆಯೂ ಹಾಗೆ ಕಾದಿರಲಿಲ್ಲ.

ಈಗ ದಿನವೂ ಹೋಗುತ್ತೇವೆ. ಗೇಟು ದಾಟಿದ ಕೂಡಲೇ ಮಗಳು ಗಂಗಕ್ಕನತ್ತ ಓಡುತ್ತಾಳೆ. ನಾನು ಬೆಂಚಿನ ಮೇಲೆ ಕೂತು ನೋಡುತ್ತೇನೆ. ಹೊಟ್ಟೆಕಿಚ್ಚು ಇನ್ನೂ ಇದೆ. ಆದರೂ ಅವಳನ್ನು ಕರೆಯುವುದಿಲ್ಲ.