ಗೋಲು ಹೊಡೆಯದವಳು

ನನ್ನ ಅಕ್ಕ ಹನ್ನೊಂದು ವರ್ಷ ನಮ್ಮ ಮಹಿಳಾ ಫುಟ್‌ಬಾಲ್ ಕ್ಲಬ್ಬಿಗೆ ಆಡಿದಳು. ಹೊಡೆದ ಗೋಲು ಒಂದೂ ಇಲ್ಲ. ಅವಳ ಕೆಲಸ ಹೊಡೆಯುವುದಲ್ಲ, ಹೊಡೆಯಲು ಬಂದವರನ್ನು ತಡೆಯುವುದು. ನಾನು ಗೋಲ್‌ಕೀಪರ್, ಅವಳ ಬೆನ್ನು ನೋಡಿಕೊಂಡೇ ಆಡಿದವಳು. ಅವಳು ಮುಂದೆ ನಿಂತರೆ ಎಷ್ಟೋ ಪಂದ್ಯಗಳಲ್ಲಿ ನನಗೆ ನೊಣ ಹೊಡೆಯುವ ಕೆಲಸವೇ. ಎಲ್ಲರೂ ಅವಳನ್ನು ಗೋಡೆ ಎಂದು ಕರೆಯುತ್ತಿದ್ದರು.

ಹೊಟ್ಟೆಪಾಡಿಗೆ ಆಸ್ಪತ್ರೆಯ ಲಾಂಡ್ರಿ. ಬೆಳಿಗ್ಗೆ ಆರಕ್ಕೆ ಹೋಗಿ ಒದ್ದೆ ಚಾದರಗಳನ್ನು ಯಂತ್ರದಿಂದ ಎಳೆಯಬೇಕು, ಒಣಗಿಸಬೇಕು, ಇಬ್ಬರು ಎದುರುಬದುರು ನಿಂತು ಮಡಚಬೇಕು. ಮಧ್ಯಾಹ್ನ ಉಂಡವಳೇ ಮೈದಾನಕ್ಕೆ ಓಡುತ್ತಿದ್ದಳು. ಮೂವತ್ತಾರನೇ ವಯಸ್ಸಿಗೆ ಎಡ ಮೊಣಕಾಲು ಕೈಕೊಟ್ಟಿತು.

"ಇದೇ ಕೊನೇ ವರ್ಷ ಕಣೆ," ಎಂದಳು. "ಆಮೇಲೆ ಹುಡುಗೀರಿಗೆ ಕಲಿಸ್ತೀನಿ."

ಕಲಿಸಲು ಕೋಚ್ ತರಬೇತಿಯ ಪ್ರಮಾಣಪತ್ರ ಬೇಕು. ನಮ್ಮ ಕ್ಲಬ್ಬಿಗೆ ವರ್ಷಕ್ಕೆ ಒಂದೇ ಸೀಟು, ಅದು ವರ್ಷದ ಅತ್ಯುತ್ತಮ ಆಟಗಾರ್ತಿಗೆ. ಆರಿಸುವವರು ನಾವೇ. ಪ್ರತಿಯೊಬ್ಬಳೂ ಚೀಟಿಯಲ್ಲಿ ಒಂದು ಜರ್ಸಿ ನಂಬರು ಬರೆಯಬೇಕು, ತನ್ನದನ್ನು ಬರೆದುಕೊಳ್ಳುವಂತಿಲ್ಲ. ಎಣಿಕೆ ಡ್ರೆಸ್ಸಿಂಗ್ ರೂಮಿನಲ್ಲಿ, ಎಲ್ಲರ ಕಣ್ಣೆದುರು. ಆ ವರ್ಷ ಹದಿನೆಂಟು ಚೀಟಿಗಳಲ್ಲಿ ಹದಿನಾರರಲ್ಲಿ ಅಕ್ಕನ ಐದನೇ ನಂಬರಿತ್ತು. ಅಕ್ಕ ಮರುದಿನವೇ ತರಬೇತಿಗೆಂದು ಲಾಂಡ್ರಿಯಲ್ಲಿ ಆರು ವಾರದ ರಜೆಗೆ ಬರೆದುಕೊಟ್ಟಳು.

ಪ್ರಶಸ್ತಿ ಕೊಡುವ ಭಾನುವಾರ ಕ್ಲಬ್ಬಿನ ಅಧ್ಯಕ್ಷರು ಮೈಕ್ ಹಿಡಿದು ಒಂಬತ್ತನೇ ನಂಬರಿನ ಹುಡುಗಿಯನ್ನು ವೇದಿಕೆಗೆ ಕರೆದರು. ಕಾಲೇಜು ಹುಡುಗಿ, ಆ ವರ್ಷ ಇಪ್ಪತ್ತು ಗೋಲು ಹೊಡೆದವಳು. ಪಾಪ, ಅವಳೇ ಬೆಚ್ಚಿ ಅಕ್ಕನ ಮುಖ ನೋಡಿದಳು. ನನಗೆ ಮೈಯೆಲ್ಲ ಉರಿದುಹೋಯಿತು. ಎದ್ದು ನಿಂತು ಕೇಳಿಯೇಬಿಟ್ಟೆ.

"ಹಾಗಾದ್ರೆ ನಾವು ಚೀಟಿ ಎಣಿಸಿದ್ದು ಯಾಕೆ ಸಾರ್?"

"ನೋಡಮ್ಮ, ನಾಳೆ ಪೇಪರಲ್ಲಿ ಬರುತ್ತೆ. ಅತ್ಯುತ್ತಮ ಆಟಗಾರ್ತಿ, ಗೋಲು ಸೊನ್ನೆ ಅಂತ ಹಾಕಿದ್ರೆ ಜನ ನಗಲ್ವಾ?" ಎಂದವರು ಅಕ್ಕನ ಕಡೆ ತಿರುಗಿ ಹಲ್ಲು ಕಿರಿದರು. "ಹಿರಿಯರು ನೀವು. ನಿಮ್ಮ ಕೈಯಿಂದಲೇ ಕಪ್ ಕೊಡಿ."

ಅಕ್ಕ ಕುಂಟುತ್ತಲೇ ವೇದಿಕೆ ಹತ್ತಿದಳು.

"ಸಾರ್, ಈ ವರ್ಷ ಎದುರಾಳಿಗಳು ನಮಗೆ ಎಷ್ಟು ಗೋಲು ಹೊಡೆದ್ರು, ಗೊತ್ತಾ?"

ಅಧ್ಯಕ್ಷರು ತಲೆ ಕೆರೆದುಕೊಂಡರು.

"ಇಪ್ಪತ್ತೆರಡು ಪಂದ್ಯದಲ್ಲಿ ಏಳು. ನಗೋರಿಗೆ ಇದನ್ನೂ ಹೇಳಿ."

ಕಪ್ಪನ್ನು ಹುಡುಗಿಯ ಕೈಗಿಟ್ಟು, ಅವಳ ಕೆನ್ನೆ ತಟ್ಟಿ ಇಳಿದುಬಂದಳು. ಹುಡುಗಿಯ ಮೇಲೆ ನಮಗಿಬ್ಬರಿಗೂ ಸಿಟ್ಟಿರಲಿಲ್ಲ. ನನ್ನ ಸಿಟ್ಟೆಲ್ಲ ಆ ಹಲ್ಲುಗಳ ಮೇಲೆ.

ಹುಡುಗಿಗೆ ಪರೀಕ್ಷೆಯಿತ್ತು, ತರಬೇತಿಗೆ ಹೋಗುವಂತಿರಲಿಲ್ಲ. ತನ್ನ ಬದಲು ಅಕ್ಕನನ್ನು ಕಳಿಸಿ ಎಂದು ತಾನೇ ಕಾಗದ ಬರೆದುಕೊಟ್ಟಳು. ಹೆಸರು ಕಳಿಸಿ ಆಗಿದೆ, ಇನ್ನು ಬದಲಾಯಿಸಲು ಬರುವುದಿಲ್ಲ ಎಂದರು ಅಧ್ಯಕ್ಷರು. ಒಂದು ಫೋನ್ ಮಾಡಿದ್ದರೆ ಅವರ ಗಂಟೇನು ಹೋಗುತ್ತಿತ್ತು? ಸೀಟು ಖಾಲಿ ಉಳಿಯಿತು. ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಅಕ್ಕ ರಜೆ ರದ್ದು ಮಾಡಿಸಿ ಚಾದರ ಮಡಚಲು ಹೋದಳು.

ಕ್ಲಬ್ಬಿನ ಚಿಕ್ಕ ಹುಡುಗಿಯರಿಗೆ ಕಲಿಸಲು ಪ್ರಮಾಣಪತ್ರವಿದ್ದ ಒಬ್ಬ ಯುವಕನನ್ನು ಹೊರಗಿನಿಂದ ತಂದರು. ಓಡಿಸುವುದು, ಗೋಲಿಗೆ ಒದೆಸುವುದು ಬಿಟ್ಟರೆ ಅವನಿಗೆ ಬೇರೇನೂ ಬರುತ್ತಿರಲಿಲ್ಲ. ತಿಂಗಳೊಳಗೆ ಇಬ್ಬರು ಹುಡುಗಿಯರು ಎದುರಾಳಿಯಿಂದ ಚೆಂಡು ಕಿತ್ತುಕೊಳ್ಳಲು ಹೋಗಿ ಕಾಲು ಉಳುಕಿಸಿಕೊಂಡರು. ಆಗ ಮಹಾಶಯ ನಮ್ಮ ಮನೆ ಬಾಗಿಲಿಗೆ ಬಂದ.

"ಅಕ್ಕಾ, ಡಿಫೆನ್ಸ್ ಸ್ವಲ್ಪ ನೀವು ಬಂದು ಹೇಳ್ಕೊಡ್ತೀರಾ?"

"ಹೋದ್ರೆ ನೋಡು!" ನಾನು ಒಳಗಿನಿಂದಲೇ ಕೂಗಿದೆ. "ಅಧ್ಯಕ್ಷರೇ ಬಂದು ಕಲಿಸ್ಲಿ."

"ನೀನು ಸುಮ್ನಿರೆ. ಹುಡುಗೀರ ಕಾಲು ಮುರಿದ್ರೆ ಅಧ್ಯಕ್ಷರಿಗೇನು ನೋಯುತ್ತಾ?" ಎಂದು ನನ್ನ ಮೇಲೇ ಹರಿಹಾಯ್ದು ಬೂಟು ಹಾಕಿಕೊಂಡಳು.

ಗೊಣಗುತ್ತಾ ನಾನೂ ಹಿಂದೆಯೇ ಹೋದೆ. ಅಕ್ಕ ಹುಡುಗಿಯರನ್ನು ಎರಡು ಸಾಲಾಗಿ ಎದುರುಬದುರು ನಿಲ್ಲಿಸಿದಳು.

"ಚೆಂಡು ನೋಡ್ಬೇಡಿ, ಕಾಲೂ ನೋಡ್ಬೇಡಿ. ಎದುರಿನವಳ ಸೊಂಟ ನೋಡಿ. ಕಾಲು ಮೋಸ ಮಾಡುತ್ತೆ, ಸೊಂಟ ಮಾಡಲ್ಲ."

ಮುಂದಿನ ಸಾಲಿನ ಪುಟ್ಟ ಹುಡುಗಿ ಕೈ ಎತ್ತಿದಳು.

"ಅವರನ್ನ ಸಾರ್ ಅಂತೀವಿ. ನಿಮ್ಮನ್ನ ಏನನ್ಬೇಕು? ಆಂಟಿ ಅನ್ಲಾ?"

ಯುವಕ ನೆಲ ನೋಡಿದ. ಅಕ್ಕ ಅವನ ಮುಖದಿಂದ ಕಣ್ಣು ತೆಗೆಯಲಿಲ್ಲ.

"ಕೋಚ್ ಅನ್ನು," ಎಂದಳು.