ಗ್ರಾಮಿನಲ್ಲಿ ಬಂದ ಉತ್ತರ

ನನ್ನ ಅತ್ತಿಗೆ ಮದುವೆಗೆ ಮೊದಲು ಪಿಯುಸಿಯಲ್ಲಿ ಭೌತಶಾಸ್ತ್ರವೊಂದರಲ್ಲಿ ಮಾತ್ರ ಫೇಲಾಗಿದ್ದರು. ಮಗಳು ಹೈಸ್ಕೂಲಿಗೆ ಸೇರಿದ ವರ್ಷ, ಯಾರನ್ನೂ ಕೇಳದೆ, ಆ ಪರೀಕ್ಷೆಗೆ ಮತ್ತೆ ಕಟ್ಟಿದರು. ನಾನು ಆಲೂರಿನ ಕಾಲೇಜೊಂದರಲ್ಲಿ ಅದೇ ವಿಷಯ ಪಾಠ ಮಾಡುವವಳು. ಹಾಗಾಗಿ ಕಾಫಿ ಕೊಯ್ಲು ಮುಗಿದ ಮೇಲಿನ ಭಾನುವಾರಗಳಲ್ಲಿ ಬಸ್ಸು ಹತ್ತಿ ವನಗೂರಿನ ಕಡೆಯ ಅಣ್ಣನ ಮನೆಗೆ ಹೋಗತೊಡಗಿದೆ.

ಅಣ್ಣ ಬೇಡ ಎನ್ನಲಿಲ್ಲ, ಉತ್ಸಾಹವನ್ನೂ ತೋರಿಸಲಿಲ್ಲ. ಅಂಗಳದಲ್ಲಿ ಮೆಣಸು ಒಣಗುತ್ತಿತ್ತು. ನಾವು ಜಗಲಿಯಲ್ಲಿ ಕೂರುತ್ತಿದ್ದೆವು.

ಒಂದು ಭಾನುವಾರ ದ್ರವ್ಯರಾಶಿಯಿಂದ ಶಕ್ತಿ ಲೆಕ್ಕ ಹಾಕುವ ಪಾಠ. ಒಂದು ಗ್ರಾಂ ವಸ್ತು ಪೂರ್ತಿ ಶಕ್ತಿಯಾದರೆ ಎಷ್ಟು ಜೂಲ್ ಎಂಬುದು ಪ್ರಶ್ನೆ. ಅತ್ತಿಗೆ ಬೆಳಕಿನ ವೇಗವನ್ನು ಅದರಿಂದಲೇ ಗುಣಿಸಿ, ಒಂದರಿಂದ ಮತ್ತೆ ಗುಣಿಸಿದರು. ಒಂಬತ್ತರ ಮುಂದೆ ಹದಿನಾರು ಸೊನ್ನೆ ಬಂತು. ಪುಸ್ತಕದ ಉತ್ತರದಲ್ಲಿ ಹದಿಮೂರೇ ಸೊನ್ನೆ.

"ಗ್ರಾಮನ್ನ ಹಂಗೇ ಹಾಕ್ಬುಟ್ರಿ ಅತ್ತಿಗೆ. ಕೆ.ಜಿ. ಮಾಡ್ಕಬೇಕಿತ್ತು," ಎಂದೆ.

"ಯಾಕೆ?"

"ಅದು ರೂಲು."

"ಯಾರ್ ಮಾಡಿದ್ ರೂಲೇ? ಗುಣಾಕಾರದಲ್ಲಿ ಎಲ್ ತಪ್ಪೈತೆ, ತೋರ್ಸು."

ಗುಣಾಕಾರದಲ್ಲಿ ತಪ್ಪಿರಲಿಲ್ಲ. ತರಗತಿಯಲ್ಲಿ ಮಕ್ಕಳು ಇಷ್ಟಕ್ಕೇ ತಲೆಯಾಡಿಸಿ ಬರೆದುಕೊಳ್ಳುತ್ತಾರೆ. ಇವರು ಪೆನ್ನು ಕೆಳಗಿಟ್ಟರು. ನಾನು ಮೊದಲಿನಿಂದ ಶುರುಮಾಡಬೇಕಾಯಿತು. ಒಂದು ನ್ಯೂಟನ್ ಬಲ ಹಾಕಿ ಒಂದು ಮೀಟರ್ ತಳ್ಳಿದರೆ ಒಂದು ಜೂಲ್. ಆ ನ್ಯೂಟನ್ ಎಂದರೇನು? ಒಂದು ಕಿಲೋಗ್ರಾಂ ವಸ್ತುವಿನ ವೇಗವನ್ನು ಪ್ರತಿ ಸೆಕೆಂಡಿಗೆ ಒಂದು ಮೀಟರಿನಷ್ಟು ಹೆಚ್ಚಿಸುವ ಬಲ. ಅಂದರೆ ಜೂಲ್ ಎನ್ನುವ ಮಾತಿನೊಳಗೆ ಕಿಲೋಗ್ರಾಂ ಆಗಲೇ ಕೂತಿದೆ. ನಾವು ಗ್ರಾಂ ಹಾಕಿದರೆ ಬರುವುದು ಜೂಲ್ ಅಲ್ಲ, ಅದರ ಸಾವಿರದಲ್ಲೊಂದು ಪಾಲಿನಷ್ಟು ಸಣ್ಣ ಅಳತೆ. ಅಳತೆ ಸಣ್ಣದಾದ್ದರಿಂದ ಸಂಖ್ಯೆ ದೊಡ್ಡದು.

ಅತ್ತಿಗೆ ಎದ್ದು ಹೋಗಿ ಮೆಣಸು ಕೆದರಿ ಬಂದರು.

"ಹಂಗಾದ್ರೆ ನನ್ ಲೆಕ್ಕ ತಪ್ಪಲ್ಲ ಕಣೇ. ಜೂಲ್ ಅಂತ ಹೆಸರು ಕೊಟ್ಟಿದ್ದು ತಪ್ಪು."

ಹೌದು ಎಂದೆ. ಇಷ್ಟು ವರ್ಷ ಪಾಠ ಮಾಡಿದ್ದರೂ ಅದನ್ನು ಹಾಗೆ ಹೇಳಬಹುದೆಂದು ನನಗೆ ಹೊಳೆದಿರಲಿಲ್ಲ. ಮಾರನೆಯ ದಿನದ ತರಗತಿಯಲ್ಲಿ ಅದೇ ಮಾತನ್ನು ಬಳಸಿದೆ.

ಪರೀಕ್ಷೆ ಮುಗಿದ ಮಧ್ಯಾಹ್ನ ಸಕಲೇಶಪುರದ ಬಸ್‌ಸ್ಟ್ಯಾಂಡಿನಿಂದ ಫೋನು ಮಾಡಿದರು.

"ಈ ಸಲ ಮಿಲಿಗ್ರಾಂ ಕೊಟ್ಬುಟ್ಟಿದ್ರು ಕಣೇ. ನಾನೇನ್ ಹೆದರ್ಲಿಲ್ಲ. ಆದ್ರೆ ಲೆನ್ಸಿನ ಚಿತ್ರ ಮಾತ್ರ ಉಲ್ಟಾ ಬರ್ದು ಬಂದೆ."

ಫಲಿತಾಂಶ ಬಂದ ದಿನ ಅಲ್ಲಿಗೆ ಹೋದೆ. ಪಾಸಾಗಿದ್ದರು, ಅಂಕ ಹೆಚ್ಚೇನೂ ಇರಲಿಲ್ಲ. ಮುಂದೆ ಡಿಗ್ರಿ ಕಟ್ಟುತ್ತೀರಾ ಎಂದು ಕೇಳಿದೆ. "ಇಲ್ಲಪ್ಪ. ಇದೊಂದ್ ಉಳ್ಕಂಡಿತ್ತು, ಮುಗೀತು," ಎಂದರು. ಅಣ್ಣ ಅಂದು ಸಂಜೆ ಹೆತ್ತೂರಿಗೆ ಹೋಗಿ ಮೈಸೂರುಪಾಕು ತಂದ. ಯಾತಕ್ಕೆಂದು ಅವನು ಹೇಳಲಿಲ್ಲ. ಅತ್ತಿಗೆ ತಟ್ಟೆಗೆ ಹಾಕಿ ಎಲ್ಲರಿಗೂ ಕೊಟ್ಟರು, ತಾವು ಎರಡು ತಿಂದರು.