ರಿಮ್ಮಿಗೂ ಹಚ್ಚಿದ ಕುಸುಬೆ ಎಣ್ಣೆ

ಮೊನ್ನೆ ಮಗಳು ಗಾಣದ ಕುಸುಬೆ ಎಣ್ಣೆ ತಂದುಕೊಟ್ಟಳು. ಮುಚ್ಚಳ ತೆಗೆದು ಮೂಸಿದೆ, ಎದೆ ಧಸಕ್ಕೆಂದಿತು. ಐವತ್ತು ವರ್ಷದ ಹಿಂದಿನ ಹೆದರಿಕೆ ಆ ವಾಸನೆಯಲ್ಲಿ ಹಾಗೇ ಕೂತಿತ್ತು...

ನಾನು ಇಂಡಿಗೆ ಸೊಸೆಯಾಗಿ ಬಂದು ನಾಲ್ಕು ತಿಂಗಳಾಗಿತ್ತು. ಮೊದಲೇ ಪುಕ್ಕಲಿ, ಮಾವನವರ ಕೆಮ್ಮು ಕೇಳಿದರೆ ಸೆರಗು ಎಳೆದುಕೊಂಡು ಅಡುಗೆಮನೆ ಸೇರುತ್ತಿದ್ದೆ. ಅವರು ಬೈದವರಲ್ಲ. ಆದರೆ ಮಾತೇ ಆಡದವರಿಗೆ ಹೆದರುವುದು ಇನ್ನೂ ಕಷ್ಟ. ಅವರ ಒಂದೇ ಷೋಕಿ ಸೈಕಲ್ಲು, ಅದೂ ಯಾರೋ ತುಳಿದು ಹಳತು ಮಾಡಿದ್ದು. ದಿನಾ ಬೆಳಿಗ್ಗೆ ಹರಕು ಧೋತರದಿಂದ ಒರೆಸುವರು, ಚೈನಿಗೆ ಹನಿಹನಿಯಾಗಿ ಎಣ್ಣೆ ಬಿಡುವರು. ಬೇರೆ ಯಾರೂ ಮುಟ್ಟುವಂತಿರಲಿಲ್ಲ.

ಆ ವರ್ಷ ಖಂಡೇನವಮಿಯ ಆಯುಧಪೂಜೆಗೆ ಅವರಿಗೆ ಜ್ವರ. "ಹತಾರ ಎಲ್ಲಾ ತೊಳದು ಎಣ್ಣಿ ಹಚ್ಚವ್ವಾ, ಸೈಕಲ್ಲಿಗೂ" ಎಂದರು ಅತ್ತೆ. ತವರಲ್ಲಿ ಕುಡುಗೋಲು, ಕೊಡಲಿಗೆ ಹೇಗೆ ಹಚ್ಚುತ್ತಿದ್ದೆವೋ ಹಾಗೇ ಕುಸುಬೆ ಎಣ್ಣೆ ಹಚ್ಚಿದೆ. ಒಂದಿಂಚೂ ಬಿಡಲಿಲ್ಲ. ಗಾಲಿಯ ರಿಮ್ಮಿಗಂತೂ ಮುಖ ಕಾಣುವಷ್ಟು ಹಚ್ಚಿ ತಿಕ್ಕಿದೆ. ವಿಭೂತಿ ಬಳಿದು ಪೂಜೆಗಿಟ್ಟದ್ದನ್ನು ಹಬ್ಬ ಮುಗಿಯುವವರೆಗೆ ಯಾರೂ ಹೊರಗೆ ತೆಗೆಯಲಿಲ್ಲ.

ದಸರೆಯ ಮರುದಿನ ಜ್ವರ ಬಿಟ್ಟಿತ್ತು. ಮಾವನವರು ಸಾಲೋಟಗಿಯಲ್ಲಿದ್ದ ತಮ್ಮ ಅಕ್ಕನಿಗೆ ಬನ್ನಿ ಕೊಡಲು ಹೊರಟರು. ಸೈಕಲ್ಲಿನ ಹೊಳಪು ನೋಡಿ ಮೀಸೆಯಲ್ಲೇ ನಕ್ಕರು. ನಾನು ಹಿಗ್ಗಿ ಹೀರೇಕಾಯಿಯಾದೆ.

ಆಮೇಲೆ ನೀರಿಗೆ ಹೋದೆ. ನಳದ ಎದುರಿನ ಸೈಕಲ್ ಅಂಗಡಿಯವನು ಒಂದು ಗಾಲಿಗೆ ಬೂದಿ ತಿಕ್ಕುತ್ತ ಯಾರಿಗೋ ಹೇಳುತ್ತಿದ್ದ: "ವರ್ಷಾ ಇದೇ ಹಣೇಬಾರ ನೋಡ್ರಿ. ಹಬ್ಬ ಅಂತ ರಿಮ್ಮಿಗೂ ಎಣ್ಣಿ ಹಚ್ಚತಾರ. ಬ್ರೇಕ್ ಎಲ್ಲಿ ಹಿಡಿಬೇಕ್ರಿ? ಇಳಿಜಾರದಾಗ ಹೋಗಿ ಬೀಳತಾರ."

ಕೊಡ ನಳದ ಕೆಳಗೇ ಬಿಟ್ಟು ಮನೆಗೆ ಓಡಿದೆ. ಸಾಲೋಟಗಿ ದಾರಿ ಹಳ್ಳದವರೆಗೆ ಸಪಾಟು, ಬ್ರೇಕ್ ಬೇಕಾಗುವುದೇ ಹಳ್ಳಕ್ಕಿಳಿಯುವ ಇಳಿಜಾರಿನಲ್ಲಿ. ಕೆಳಗೆ ಬರೀ ಕಲ್ಲು. ಗಂಡ ಊರಲ್ಲಿರಲಿಲ್ಲ. ಅತ್ತೆಯ ಮುಂದೆ ಎರಡು ಸಲ ಬಾಯಿ ತೆರೆದೆ, ಎರಡು ಸಲವೂ "ಉಪ್ಪು ಎಲ್ಲೈತ್ರಿ?" ಎಂದೇ ಕೇಳಿದೆ. ರೊಟ್ಟಿ ಸೀದವು. ಬೀದಿಯಲ್ಲಿ ಯಾರಾದರೂ ದನಿ ಎತ್ತಿದರೆ ಸುದ್ದಿ ಬಂತೆಂದೇ ಜೀವ ಹಾರುತ್ತಿತ್ತು. ದೇವರ ಮುಂದೆ ಕೈ ಮುಗಿದರೂ ಕೈಯಿಂದ ಅದೇ ಎಣ್ಣೆಯ ವಾಸನೆ...

ಹೊತ್ತು ಮುಳುಗುವಾಗ ಬಂದರು. ಕುಂಟುತ್ತ, ಸೈಕಲ್ ತಳ್ಳಿಕೊಂಡು. ಧೋತರ ಹರಿದಿತ್ತು, ಅಂಗೈ ತರಚಿತ್ತು.

"ಅಯ್ಯ ಶಿವನ, ಏನಾತ್ರಿ?" ಅತ್ತೆ ಚೀರಿದರು.

"ಏನಿಲ್ಲ. ಹಳ್ಳದಾಗ ನಾಯಿ ಅಡ್ಡ ಬಂತು."

ಅತ್ತೆ ಅರಿಶಿಣ ತರಲು ಒಳಗೆ ಹೋದರು. ನಾನು ನೀರು ಕೊಟ್ಟೆ. "ರಿಮ್ಮಿಗೆ ಹಚ್ಚಬಾರದವ್ವಾ" ಎಂದರು ಮೆಲ್ಲಗೆ. "ಒಲಿಯಾಗಿನ ಬೂದಿ ತಗೊಂಡು ಬಾ, ಇಬ್ಬರೂ ಕೂಡಿ ತಿಕ್ಕೂಣು." ಕಿಸೆಯಿಂದ ನಜ್ಜುಗುಜ್ಜಾದ ಬನ್ನಿ ಎಲೆ ತೆಗೆದು ನನ್ನ ಕೈಗಿಟ್ಟರು. "ಬಂಗಾರದ್ಹಂಗ ಇರು." ಬೂದಿ ತರಲು ಹೋದವಳು ಒಲೆಯ ಮುಂದೆ ಕೂತು ಅತ್ತುಬಿಟ್ಟೆ.

ಅವರ ಮೊಣಕಾಲು ಮತ್ತೆ ನೆಟ್ಟಗಾಗಲಿಲ್ಲ. ಅತ್ತೆ ಸಾಯುವತನಕ ಓಣಿಯ ನಾಯಿಗಳನ್ನು ಶಪಿಸಿದರು, ಕಲ್ಲು ಒಗೆದರು. ನಾನು ಬಾಯಿ ಬಿಡಲಿಲ್ಲ, ಮಾವನವರೂ ಬಿಡಲಿಲ್ಲ. ಅವರು ಸೈಕಲ್ ಹೊರತೆಗೆದಾಗಲೆಲ್ಲ ನಾನು ಕದ್ದು ಹೋಗಿ ರಿಮ್ ಮೇಲೆ ಬೆರಳಾಡಿಸಿ ನೋಡುತ್ತಿದ್ದೆ.

ಈಗ ಅವರೂ ಇಲ್ಲ. ಟೈರಿಲ್ಲದ ಸೈಕಲ್ಲು ಹಿತ್ತಲ ಗೋಡೆಗೆ ಒರಗಿದೆ. ಮೊನ್ನೆ ಎಣ್ಣೆ ಮುಚ್ಚಿಟ್ಟು ಅಲ್ಲಿಗೆ ಹೋದೆ, ಬೆರಳಾಡಿಸಿದೆ. ಬರೀ ತುಕ್ಕು. ಆದರೂ ಹೆದರಿಕೆ ಇಳಿಯಲಿಲ್ಲ. ಬೂದಿ ತರೋಣವೆಂದು ಒಳಗೆ ಬಂದೆ. ಮನೆಯಲ್ಲೀಗ ಗ್ಯಾಸು... ಹಿಡಿ ಬೂದಿಯೂ ಇರಲಿಲ್ಲ.